ಶೋಕೇಸಲ್ಲಿದ್ದ ಆ ಫೋಟೋ

ಪುಟ್ಟೀ,

ಫೋನಲ್ಲಿ ಶುರು ಮಾಡಿದ್ರೆ ಮತ್ತೆ ಜಗಳಕ್ಕೇ ಹೋಗುತ್ತೆ, ಅದಕ್ಕೆ ಟೈಪ್ ಮಾಡ್ತಿದೀನಿ. ಆಯಿ ಮಲಗಿದಾಳೆ. ಮೊನ್ನೆ ನೀನು ಬಾಗಿಲು ಎಳ್ಕೊಂಡು ಹೋಗಿದ್ದು, ನಾನು ಬಸ್‌ಸ್ಟ್ಯಾಂಡಿಗೂ ಬರದೇ ಕೂತಿದ್ದು, ಅದೆಲ್ಲ ಇಬ್ರಿಗೂ ಗೊತ್ತಿರೋದೇ, ಬಿಡು. ಸಾಗರದ ಬಸ್ ಸಿಕ್ತಾ, ಹೆಗ್ಗೋಡು ಮುಟ್ಟಿದ್ಯಾ ಅಂತ ಕೇಳೋಕೂ ನಂಗೆ ಧಿಮಾಕು ಅಡ್ಡ ಬಂತು. ಆಯಿ ಫೋನಲ್ಲಿ ಮಾತಾಡ್ತಿದ್ದಾಗ ಒಳಗಿಂದ ಕಿವಿ ಕೊಟ್ಟಿದ್ದೆ ಅಷ್ಟೇ.

ನೀನು ಪೆನ್‌ಡ್ರೈವಲ್ಲಿ ಹಾಕಿಟ್ಟಿದ್ದ ಸಿನಿಮಾ ಮೂರೂ ನೋಡಿದೆ. ‘ನಿನ್ ಕಸುಬಿನ ಸಿನಿಮಾಗಳೇ ಅಪ್ಪಾ, ನೋಡು’ ಅಂದಿದ್ದೆಯಲ್ಲ. ಹಿಚ್‌ಕಾಕ್‌ದು ‘ರಿಯರ್ ವಿಂಡೋ’, 1954ರದ್ದು, ಕಾಲು ಮುರ್ಕೊಂಡು ಪ್ಲಾಸ್ಟರ್ ಹಾಕಿಸ್ಕೊಂಡ ಫೋಟೋಗ್ರಾಫರು ಉದ್ದ ಲೆನ್ಸ್ ಹಿಡ್ಕೊಂಡು ಎದುರು ಮನೆಯವರ ಕಿಟಕಿ ಎಲ್ಲ ನೋಡ್ತಾ ಕೂತಿರ್ತಾನೆ, ಕೊನೆಗೆ ಕೊಲೆಗಾರ ಇವನ ರೂಮಿಗೇ ನುಗ್ಗಿದಾಗ ಒಂದಾದ ಮೇಲೊಂದು ಫ್ಲಾಶ್ ಬಲ್ಬ್ ಹೊಡೆದು ಕಣ್ಣಿಗೆ ಕತ್ತಲೆ ಬರಿಸ್ತಾನಲ್ಲ, ಆ ಸೀನಿಗೆ ಒಬ್ನೇ ಕೂತು ಚಪ್ಪಾಳೆ ಹೊಡೆದೆ ಮಾರಾಯ್ತಿ. ಅದಕ್ಕೂ ಮೊದಲು ಅವನ ಹುಡುಗಿ ಕೊಲೆಗಾರನ ಮನೆಯೊಳಗೆ ಸಿಕ್ಕಿಹಾಕ್ಕೊಂಡಾಗ ಮಾತ್ರ ಇವನು ಪೊಲೀಸರಿಗೆ ಫೋನ್ ಮಾಡಿ ಕೈ ಕೈ ಹಿಸುಕ್ಕೊಳ್ಳೋದು ಬಿಟ್ರೆ ಏನೂ ಮಾಡೋಕಾಗಲ್ಲ. ಅದು ಖರೆ. ಮಲಯಾಳಂದು ‘ಮಹೇಶಿಂಟೆ ಪ್ರತಿಕಾರಂ’ ಇನ್ನೂ ಇಷ್ಟ ಆಯ್ತು, ಸಣ್ಣ ಊರಿನ ಸ್ಟುಡಿಯೋ, ಅಪ್ಪನಿಂದ ಮಗನಿಗೆ ಬಂದಿದ್ದು, ಫಹಾದ್ ಫಾಸಿಲ್ ಗಲ್ಲ ಎತ್ತಿ, ಸ್ವಲ್ಪ ಕೆಳಗೆ ಅಂತೆಲ್ಲ ಹೇಳೋದು ನಮ್ಮ ಅಂಗಡೀಲಿ ನಿಂತು ನೋಡಿ ಕಲ್ತಂಗಿದೆ. ಅದರಲ್ಲಿ ಅವನು ಹುಡುಗಿಗೆ ಗೊತ್ತಾಗದ ಹಾಗೆ ಫೋಟೋ ತೆಗೀತಾನೆ, ಅದು ಪತ್ರಿಕೇಲಿ ಬರುತ್ತೆ, ಅವಳಿಗೆ ಖುಷಿ ಆಗುತ್ತೆ, ಅಲ್ಲಿಂದ ಪ್ರೀತಿ. ಆ ಭಾಗ ಬಂದಾಗ ನಾನು ಎದ್ದು ನೀರು ಕುಡಿಯೋಕೆ ಹೋದೆ.

‘ಬ್ಲೋ ಅಪ್’ ನೋಡಬಾರದಿತ್ತು. 1966ರಲ್ಲೇ ಆ ಆಂಟೋನಿಯೋನಿಗೆ ನಮ್ಮ ಡಾರ್ಕ್ ರೂಂ ವಿಷಯ ಹೆಂಗೆ ಗೊತ್ತಾಯ್ತೋ. ಲಂಡನ್ನಿನ ಪಾರ್ಕಲ್ಲಿ ಗಂಡು ಹೆಣ್ಣು ಇಬ್ರು ನಿಂತಿರೋದನ್ನ ದೂರದಿಂದ ತೆಗೀತಾನೆ, ಆಮೇಲೆ ದೊಡ್ಡದು ಮಾಡ್ತಾನೆ, ಅದನ್ನ ಇನ್ನೂ ದೊಡ್ಡದು ಮಾಡ್ತಾನೆ, ಪೊದೆ ಒಳಗೆ ಪಿಸ್ತೂಲು ಕಾಣುತ್ತೆ, ಹೆಣ ಕಾಣುತ್ತೆ. ಅವನು ದೊಡ್ಡದು ಮಾಡಿದ ಮೇಲೆ ಕೊಲೆ ಗೊತ್ತಾಯ್ತು. ನಂದು ತಿರುವುಮುರುವು. ನಾನು ದೊಡ್ಡದು ಮಾಡಿದ್ದೇ ಮೊದಲು.

ನೀನು ಹಿಂದಿನ ರೂಮಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಒಟ್ಟಿಗೆ ಇಟ್ಟಿದ್ದ ಎರಡು ಕವರ್ ತೆಗೆದು, ಮೊಬೈಲಲ್ಲಿ ನೆಗೆಟಿವ್ ಉಲ್ಟಾ ಮಾಡಿ ನೋಡಿ, ‘ಇದನ್ನೇ ನಾಟಕ ಮಾಡ್ತೀನಿ, ಹಿಂದೆ ಪರದೆ ಮೇಲೆ ಎರಡೂ ಫೋಟೋ ಹಾಕ್ತೀನಿ’ ಅಂದಾಗ ನಾನು ಕೂಗಾಡಿದ್ದು ಯಾಕೆ ಅಂತ ಹೇಳಲೇ ಇಲ್ಲ. ಆಯಿಗೂ ಹೇಳಿಲ್ಲ.

ನೀನು ಹುಟ್ಟೋಕ್ಕಿಂತ ನಾಲ್ಕೈದು ವರ್ಷ ಮೊದಲಿನ ಮಾರಿಕಾಂಬಾ ಜಾತ್ರೆ. ಆಗಿನ್ನೂ ಸ್ಟುಡಿಯೋ ಹೊಸದು. ಜಾತ್ರೆ ಅಂದ್ರೆ ಎರಡು ವರ್ಷಕ್ಕೊಮ್ಮೆ ನಮಗೂ ಸುಗ್ಗಿ, ನಾಟಕ ಕಂಪನಿಯವರು ಬೋರ್ಡಿಗೆ ಹಾಕೋ ಫೋಟೋ ತೆಗೆಸೋಕೆ ಬರೋರು, ಮದುವೆಯಾದ ಹೊಸಬರು ಬರೋರು. ಕಲರ್ ರೋಲ್ ಹುಬ್ಬಳ್ಳಿಗೆ ಕಳಿಸ್ಬೇಕಿತ್ತು, ಬ್ಲಾಕ್ ಅಂಡ್ ವೈಟ್ ನಾವೇ ತೊಳೀತಿದ್ವಿ. ಅವಳು ಆ ಹುಡುಗನ ಜೊತೆ ಬಂದ್ಲು. ಕೈಯಲ್ಲಿ ಜಾತ್ರೆಪೇಟೇಲಿ ತಗೊಂಡ ಬಳೆ ಪೊಟ್ಟಣ. ಸರೋವರದ ಪರದೆ ಮುಂದೆ ನಿಲ್ಲಿಸಿದೆ. ಯಾಶಿಕಾ ಕ್ಯಾಮೆರಾ, ಒಂದು ರೋಲಿಗೆ ಹನ್ನೆರಡೇ ಫೋಟೋ, ಅದಕ್ಕೆ ಒಂದೇ ಹೊಡೆದಿದ್ದು. ಅವಳು ನೆಟ್ಟಗೆ ಕ್ಯಾಮೆರಾ ನೋಡಿ ನಗ್ತಿದಾಳೆ, ಅವನು ಕ್ಯಾಮೆರಾ ನೋಡೋದು ಬಿಟ್ಟು ಅವಳನ್ನೇ ನೋಡ್ತಿದಾನೆ. ಅವಳ ಹುಬ್ಬಿನ ಮೇಲೆ ಸಣ್ಣ ಗಾಯದ ಕಲೆ ಇತ್ತು, ನೆಗೆಟಿವ್ ಮೇಲೆ ಪೆನ್ಸಿಲ್ ಹಿಡಿದು ಟಚಿಂಗ್ ಮಾಡಿ ನಾನೇ ಮುಚ್ಚಿದೆ.

ವಾರ ಬಿಟ್ಟು ಬರ್ತೀವಿ ಅಂದೋರು ಬರಲಿಲ್ಲ. ಫೋಟೋ ಮಾತ್ರ ಅಷ್ಟು ಚಂದ ಬಂದಿತ್ತು ಪುಟ್ಟೀ, ನಾನು ಹತ್ತು-ಹನ್ನೆರಡು ಇಂಚಿಗೆ ದೊಡ್ಡದು ಮಾಡಿ ಫ್ರೇಮ್ ಹಾಕಿ ಶೋಕೇಸಲ್ಲಿಟ್ಟೆ. ಕೇಳಲಿಲ್ಲ. ಆಗ ಯಾರೂ ಕೇಳ್ತಿರಲಿಲ್ಲ, ಎಲ್ಲ ಸ್ಟುಡಿಯೋದವರೂ ಹಂಗೇ ಇಡೋರು ಅಂತ ಬೇಕಾದ್ರೆ ಹೇಳಬಹುದು. ಎಷ್ಟೋ ಸಲ ಹೇಳ್ಕೊಂಡಿದೀನಿ ಕೂಡ. ಒಂದಿನ ಮಧ್ಯಾಹ್ನ ಒಬ್ರು ಗಾಜಿನ ಮುಂದೆ ಬಹಳ ಹೊತ್ತು ನಿಂತಿದ್ರು, ಬಿಳಿ ಪಂಚೆ, ಕೈಯಲ್ಲಿ ಕೊಡೆ. ನಂಗೆ ಹೆಮ್ಮೆ. ಒಳಗೆ ಬಂದು ‘ಚಲೋ ಬಂದಿದೆ ಫೋಟೋ, ಯಾವ ಊರಿನವರು ಇವರು’ ಅಂದ್ರು. ನಾನು ಬಿಲ್ ಬುಕ್ ತೆಗೆದು ಹುಡುಗನ ಹೆಸರು, ಊರು, ಕೆಲಸ ಮಾಡೋ ಅಂಗಡಿ ಎಲ್ಲ ಓದಿ ಹೇಳಿದೆ. ಮದುವೆ ಆರ್ಡರ್ ಕೊಡ್ತಾರೇನೋ ಅನ್ಕೊಂಡಿದ್ದೆ. ಅವರು ‘ಹೌದಾ’ ಅಂದು ಕೊಡೆ ಬಿಚ್ಚಿದ್ರು. ಮಳೆ ಇರಲಿಲ್ಲ, ಬಿಸಿಲು. ‘ಹೌದಾ’ ಅಂದಿದ್ದು ಇವತ್ತಿಗೂ ಕಿವೀಲಿದೆ, ಕೋಪದಲ್ಲಿ ಅಂದ ಹಾಗೂ ಇರಲಿಲ್ಲ.

ಜೂನ್ ಶುರುವಲ್ಲಿ ಬೆಳಿಗ್ಗೆ ಪೊಲೀಸರು ಕರೆಯೋಕೆ ಬಂದ್ರು. ನಿಂಗೊತ್ತಲ್ಲ, ಪಂಚನಾಮೆ ಫೋಟೋಗೆ ಊರಿನ ಸ್ಟುಡಿಯೋದವರೇ ಹೋಗ್ಬೇಕಿತ್ತು. ಕೆರೆ ದಂಡೆ ಮೇಲೆ ಕಂಬಳಿ ಹೊದಿಸಿ ಇಟ್ಟಿದ್ರು. ಮೋಡ ಕವಿದಿತ್ತು, ಅಪರ್ಚರ್ ಎಂಟರಲ್ಲಿಟ್ಟಿದ್ದೋನು ಐದು ಪಾಯಿಂಟ್ ಆರಕ್ಕೆ ತಂದೆ, ನಾಲ್ಕೂ ಕಡೆಯಿಂದ ಹೊಡೆದೆ, ಆಮೇಲೆ ಮುಖದ್ದು ಹತ್ತಿರದಿಂದ. ಫೋಕಸ್ ತಿರುಗಿಸ್ತಾ ತಿರುಗಿಸ್ತಾ ಹುಬ್ಬಿನ ಮೇಲಿನ ಕಲೆ ಶಾರ್ಪ್ ಆಯ್ತು. ಕೈ ನಡುಗಲಿಲ್ಲ ಪುಟ್ಟೀ. ಎಲ್ಲ ಫೋಟೋನೂ ಸರಿ ಬಂದ್ವು. ಅದೇ ನಂಗೆ ಇವತ್ತಿಗೂ ತಡ್ಕೊಳ್ಳೋಕಾಗಲ್ಲ.

ಕಾಲು ಜಾರಿ ಬಿದ್ದಿದ್ದು ಅಂತ ಬರ್ಕೊಂಡ್ರು. ಇರಬಹುದು. ಹುಡುಗ ಊರು ಬಿಟ್ಟ ಅಂದ್ರು. ನಾನು ಅವತ್ತು ರಾತ್ರಿ ಶೋಕೇಸಿಂದ ಫ್ರೇಮ್ ತೆಗೆದು, ಪ್ರಿಂಟ್ ಸುಟ್ಟು, ಎರಡೂ ನೆಗೆಟಿವ್ ಕವರ್ ಒಟ್ಟಿಗೆ ಕಟ್ಟಿ ಇಟ್ಟೆ. ಕೊಡೆ ಹಿಡಿದವರ ವಿಷಯ ಯಾರೂ ನನ್ನ ಕೇಳಲಿಲ್ಲ, ನಾನೂ ಹೇಳಲಿಲ್ಲ. ‘ರಾಶೋಮನ್’ ನಾನು ಹೆಗ್ಗೋಡಲ್ಲೇ ನೋಡಿದ್ದು, ಸುಬ್ಬಣ್ಣನವರ ಚಿತ್ರಸಮಾಜದಲ್ಲಿ. ಒಂದೇ ಸಾವಿನ ಕತೆ ಒಬ್ಬೊಬ್ರು ಒಂದೊಂದು ಥರ ಹೇಳ್ತಾರಲ್ಲ, ಅಲ್ಲಿ ಎಲ್ಲರೂ ಬಾಯಾದ್ರೂ ಬಿಡ್ತಾರೆ.

ಈಗ ನೀನು ಬಿಟ್ಟು ಹೋದ ಆ ಪುಸ್ತಕದ ವಿಷಯ. ಬಾರ್ತ್‌ನ ‘ಕ್ಯಾಮೆರಾ ಲ್ಯೂಸಿಡಾ’, ಡಿಕ್ಷನರಿ ಪಕ್ಕದಲ್ಲಿಟ್ಕೊಂಡು ಅರ್ಧ ಅರ್ಥ ಮಾಡ್ಕೊಂಡೆ. ಅಮ್ಮ ತೀರಿಹೋದ ಮೇಲೆ ಅವಳ ಹಳೇ ಫೋಟೋ ಹುಡುಕ್ತಾ ಕೂತವನಿಗೆ ಅವಳು ಐದು ವರ್ಷದ ಮಗುವಾಗಿದ್ದಾಗಿನ ಫೋಟೋ ಸಿಗುತ್ತೆ, ಅದರಲ್ಲೇ ನನ್ನ ಅಮ್ಮ ಇದಾಳೆ ಅಂತಾನೆ. ಪುಸ್ತಕದಲ್ಲಿ ಬೇರೆ ಎಷ್ಟೋ ಫೋಟೋ ಹಾಕಿದಾನೆ, ಅದೊಂದನ್ನ ಹಾಕಿಲ್ಲ. ನಿಮಗೆ ಅದು ಬರೀ ಇನ್ನೊಂದು ಫೋಟೋ ಅಷ್ಟೇ ಅನ್ನೋ ಲೆಕ್ಕ. ತೋರಿಸದೇ ಇದ್ದಿದ್ದಕ್ಕೇ ಆ ಫೋಟೋ ನಂಗೆ ಎಲ್ಲದಕ್ಕಿಂತ ಚೆನ್ನಾಗಿ ಕಂಡಿದ್ದು. ಹಂಗಾಗಿ ಹೇಳ್ತೀನಿ, ಕೇಳು, ನಾಟಕದವಳು ನೀನು, ನಿಂಗೆ ಪ್ರೊಜೆಕ್ಟರ್ ಯಾಕೆ ಬೇಕು? ಬಯಲಾಟದಲ್ಲಿ ಅದೇ ಮಣೆ ಸಿಂಹಾಸನ, ಅದೇ ಮಣೆ ರಥ. ‘ಬ್ಲೋ ಅಪ್’ ಕೊನೇಲಿ ಬಣ್ಣ ಬಳ್ಕೊಂಡವರು ಬಾಲೇ ಇಲ್ಲದೇ ಟೆನಿಸ್ ಆಡ್ತಾರಲ್ಲ, ಫೋಟೋಗ್ರಾಫರು ಬಗ್ಗಿ ಇಲ್ಲದ ಬಾಲ್ ಎತ್ತಿ ಎಸೀತಾನೆ, ಅಷ್ಟು ಹೊತ್ತಿಗೆ ಅವನ ಫೋಟೋಗಳು ಕಳುವಾಗಿವೆ, ಹೆಣಾನೂ ಮಾಯ. ಫೋಟೋ ಕೈಲಿ ಆಗದೇ ಇದ್ದಿದ್ದು ಆ ನಾಟಕದವರ ಕೈಲಿ ಆಯ್ತು. ಸತ್ತವರ ಮುಖ ಪರದೆ ಮೇಲೆ ಹಾಕಿ ಜನರನ್ನ ಬೆಚ್ಚಿ ಬೀಳಿಸೋದು ಸುಲಭ ಮಾರಾಯ್ತಿ, ಅದಕ್ಕೆ ನಟನೆ ಬೇಡ, ಒಂದು ವೈರ್ ಇದ್ರೆ ಸಾಕು, ನೀವು ಈಗಿನವರು ಎಲ್ಲದಕ್ಕೂ... ಹ್ಞಾಂ, ಭಾಷಣ ಶುರುವಾಯ್ತು. ನಿಲ್ಲಿಸ್ತೀನಿ.

ಹೋದ ತಿಂಗಳು ನಿನ್ನ ನಾಟಕ ನೋಡಿ ಏನೂ ಹೇಳಲಿಲ್ಲ ಅಂತ ಸಿಟ್ಟು ಮಾಡ್ಕೊಂಡಿದ್ದೆ. ನೀನು ಎರಡು ನಿಮಿಷ ಮಾತೇ ಇಲ್ಲದೇ ಸ್ಟೇಜ್ ಮೇಲೆ ನಿಂತಿದ್ದೆಯಲ್ಲ, ನನ್ನ ಪಕ್ಕದವರು ಕೆಮ್ಮು ತಡ್ಕೊಂಡಿದ್ರು. ಅದಕ್ಕಿಂತ ಏನು ಹೇಳಲಿ.

ಲೈಟಿಂಗ್ ಮಾಡೋ ಹುಡುಗನ ವಿಷಯ ಆಯಿ ಹೇಳಿದ್ಲು. ನೀನೂ ಅವತ್ತು ಹೇಳೋಕೆ ಬಂದಿದ್ದೆ, ನನ್ನ ಬಾಯಿಂದ ಮೊದಲು ಬಂದಿದ್ದು ‘ಯಾವ ಊರವನು’ ಅಂತ. ರಾತ್ರಿ ನಿದ್ದೆ ಬರಲಿಲ್ಲ. ಕರ್ಕೊಂಡು ಬಾ, ಊರು ಕೇಳಲ್ಲ. ಜೋಪಾನವಾಗಿರು ಅಂತ ಮಾತ್ರ ಹೇಳ್ತೀನಿ, ಅದನ್ನ ಹೇಳೋದು ಬಿಡೋಕೆ ನನ್ನಿಂದಾಗಲ್ಲ.

ಇನ್ನೊಂದಿದೆ. ಆ ಹುಡುಗಿಯ ಅಕ್ಕನನ್ನ ಬನವಾಸಿ ಕಡೆ ಕೊಟ್ಟಿದಾರೆ. ಎರಡು ವರ್ಷದ ಹಿಂದೆ ಮೊಮ್ಮಗನ ಪಾಸ್‌ಪೋರ್ಟ್ ಸೈಜ್ ತೆಗೆಸೋಕೆ ನಮ್ಮ ಅಂಗಡಿಗೇ ಬಂದಿದ್ರು. ಮಾತಿಗೆ ಮಾತು ಬಂದು, ‘ನಮ್ಮ ತಂಗಿದು ಒಂದೂ ಫೋಟೋ ಇಲ್ಲ ನೋಡಿ ಮನೇಲಿ’ ಅಂದ್ರು. ನೆಗೆಟಿವ್ ಗೋಡೆಯಾಚೆ ಹತ್ತು ಹೆಜ್ಜೆ ದೂರದಲ್ಲಿತ್ತು. ನಾನು ಚಿಲ್ಲರೆ ಎಣಿಸಿ ಕೊಟ್ಟೆ.

ನಾಟಕ ಮಾಡು, ಬೇಡ ಅನ್ನಲ್ಲ. ಮೊದಲು ಅವರನ್ನ ಕೇಳ್ಬೇಕು. ಭಾನುವಾರ ಬೆಳಗಿನ ಬಸ್ಸಿಗೆ ಬಾ, ಇಬ್ರೂ ಬನವಾಸಿಗೆ ಹೋಗೋಣ, ಕೊಡೆ ವಿಷಯಾನೂ ನಾನೇ ಹೇಳ್ತೀನಿ, ಒಬ್ನೇ ಹೋಗೋಕೆ ಧೈರ್ಯ ಇಲ್ಲ. ಆಯಿಯ ಉಪ್ಪಿನಕಾಯಿ ಡಬ್ಬ ಖಾಲಿಯಾಗಿದ್ರೆ ತಗೊಂಡು ಬಾ. ಜಾತ್ರೇದು ಮಾತ್ರ ಸ್ಕ್ಯಾನ್ ಮಾಡಿ ಒಂದು ಪ್ರಿಂಟ್ ಹಾಕಿಸು, ಮೊಬೈಲಲ್ಲಿ ತೆಗೆದಿದ್ದು ಸಾಲಲ್ಲ. ಹುಡುಗನ್ನ ಕತ್ತರಿಸ್ಬೇಡ. ಪೆನ್ಸಿಲ್ ಟಚಿಂಗ್ ಇವತ್ತು ಹತ್ತಿಗೆ ಟರ್ಪೆಂಟೈನ್ ಹಾಕಿ ಒರೆಸಿದೆ, ಹುಬ್ಬಿನ ಮೇಲಿನ ಕಲೆ ಈಗ ಕಾಣುತ್ತೆ.

ಅಪ್ಪ