ತೋಟ ಅಡವಿಡಬೇಡಿ

ಅಮ್ಮನಿಗೆ ನಮಸ್ಕಾರ. ನಾನು ಆರಾಮಾಗಿದ್ದೇನೆ, ಅಪ್ಪನಿಗೂ ಹೇಳು.

ನಿನ್ನ ಕಾಗದ ಓದಿದ ಮೇಲೆ ಎರಡು ದಿನ ಕೈಕಾಲೇ ಆಡಲಿಲ್ಲ. ಮಾವನ ಕರುಳಿನ ಗಡ್ಡೆ ಲಿವರ್‌ಗೂ ಹಬ್ಬಿದೆ ಅಂತ ಬರೆದಿದ್ದೀಯ. ಅದರ ಕೆಳಗೇ, ರಘು ತೋಟ ಅಡವಿಟ್ಟು ಅವರನ್ನು ಹ್ಯೂಸ್ಟನ್‌ಗೆ ಕರೆತರುತ್ತಾನೆ ಅಂತ. ಅಮ್ಮಾ, ದಯವಿಟ್ಟು ಅವನನ್ನು ತಡೆ.

ನಾನು ಕೆಲಸ ಮಾಡುವ ಇಲ್ಲಿನ ಆಸ್ಪತ್ರೆಯಲ್ಲಿ ಹೊಸ ಮಾತ್ರೆಗಳ ಮೊದಲ ಹಂತದ ಪರೀಕ್ಷೆ ನಡೆಯುವುದು ನಿಜ. ಆದರೆ ಅದು ಮುಖ್ಯವಾಗಿ ಎಷ್ಟು ಕೊಟ್ಟರೆ ಮೈ ತಡೆಯುತ್ತದೆ ಅಂತ ನೋಡುವುದಕ್ಕೆ. ನೀನು ಸಾರಿಗೆ ಉಪ್ಪು ಹಾಕುವ ಹಾಗೆ. ಮೂರು ಜನಕ್ಕೆ ಚೂರು ಕೊಟ್ಟು ಮೂರ್ನಾಲ್ಕು ವಾರ ಕಾಯುತ್ತಾರೆ. ಯಾರಿಗೂ ತೀರಾ ತೊಂದರೆಯಾಗದಿದ್ದರೆ ಮುಂದಿನ ಮೂವರಿಗೆ ಸ್ವಲ್ಪ ಜಾಸ್ತಿ. ಒಬ್ಬರಿಗೆ ಆದರೆ ಅದೇ ಅಳತೆಯಲ್ಲಿ ಇನ್ನೂ ಮೂವರು. ಇಬ್ಬರಿಗೆ ಆದರೆ ಅಲ್ಲಿಗೇ ನಿಲ್ಲುತ್ತದೆ. ಮಾವ ಮೊದಲ ಮೂವರಲ್ಲಿದ್ದರೆ ಸಿಗುವುದು ಆ ಚೂರು.

ರಘು ಕಳಿಸಿದ ಸುದ್ದಿ ಸೋಟೊರಾಸಿಬ್ ಮಾತ್ರೆಯದು. ಸುಳ್ಳಲ್ಲ. ಕೆ-ರಾಸ್ ಅನ್ನುವ ಜೀನ್ ಕೆಟ್ಟರೆ ಕ್ಯಾನ್ಸರ್ ಬರುತ್ತದೆ ಅಂತ 1982ರಿಂದಲೇ ಗೊತ್ತಿತ್ತು. ಅದು ಕೆಡುವ ಬಗೆಗಳಲ್ಲಿ ಜಿ12ಸಿ ಅನ್ನುವ ಒಂದರಲ್ಲಿ ಔಷಧ ಹೋಗಿ ಕೂರಲು ಒಂದು ಸಂದು ಸಿಕ್ಕಿದ್ದು ಮಾತ್ರ 2013ರಲ್ಲಿ. 2018ರಲ್ಲಿ ರೋಗಿಗಳಿಗೆ ಕೊಡಲು ಶುರು ಮಾಡಿದರು, 2021ರಲ್ಲಿ ಇಲ್ಲಿ ಶ್ವಾಸಕೋಶದ ಕ್ಯಾನ್ಸರ್‌ಗೆ ಒಪ್ಪಿಗೆ ಸಿಕ್ಕಿತು. ಮೊದಲ ಹಂತದಲ್ಲಿದ್ದವರು 129 ಜನ. ಶ್ವಾಸಕೋಶದ 59 ಜನರಲ್ಲಿ 19 ಜನರ ಗಡ್ಡೆ ಎದ್ದುಕಾಣುವಷ್ಟು ಕುಗ್ಗಿತು. ಕರುಳಿನ 42 ಜನರಲ್ಲಿ ಮೂರೇ ಜನರದ್ದು. ಅದೇ ಜೀನ್ ದೋಷ, ಅದೇ ಮಾತ್ರೆ! ಈ ಸಾಲು ರಘು ಓದಿಲ್ಲ. ಆಮೇಲೆ ಇನ್ನೊಂದು ಔಷಧದ ಜೊತೆ ಕೊಟ್ಟಾಗ ಕರುಳಿನವರಿಗೂ ಉಪಯೋಗವಾಯಿತು, ಅದನ್ನೂ ಹೇಳಬೇಕು. ಆದರೆ ಕರುಳಿನ ಕ್ಯಾನ್ಸರ್‌ನವರಲ್ಲಿ ನೂರಕ್ಕೆ ಮೂರ್ನಾಲ್ಕು ಜನಕ್ಕೆ ಮಾತ್ರ ಆ ಜಿ12ಸಿ ದೋಷ ಇರುತ್ತದೆ. ಮಾವನಿಗಿದೆಯೋ ಇಲ್ಲವೋ ಇನ್ನೂ ಯಾರೂ ನೋಡಿಯೇ ಇಲ್ಲವಲ್ಲ.

ಅದಕ್ಕೇ ರಘುಗೆ ಹೇಳು, ವೀಸಾ ಬಿಟ್ಟು ಲ್ಯಾಬಿನಿಂದ ಬಯಾಪ್ಸಿ ಬ್ಲಾಕ್, ಅಂದರೆ ಮೇಣದಲ್ಲಿ ಹುದುಗಿಸಿಟ್ಟ ಗಡ್ಡೆಯ ಚೂರು, ಇಸಿದುಕೊಳ್ಳಲಿ. ಗಡ್ಡೆಯ ಜೀನ್‌ಗಳಲ್ಲಿ ಯಾವ ದೋಷ ಇದೆ ಅಂತ ನೋಡುವ ಕೆ-ರಾಸ್, ಎನ್-ರಾಸ್, ಬಿ-ರಾಫ್, ಎಂಎಸ್ಐ ಪರೀಕ್ಷೆಗಳನ್ನು ಬೆಂಗಳೂರಿನಲ್ಲೇ ಮಾಡಿಸಬಹುದು. ಖರ್ಚು ನಾನು ಕಳಿಸುತ್ತೇನೆ. ಕೀಮೋ ಮಾತ್ರ ನಿಲ್ಲಿಸಬೇಡಿ.

ಇನ್ನೊಂದು. ಮಾವನಿಗೆ ಇನ್ನೂ ಅಲ್ಸರ್ ಅಂತಲೇ ಹೇಳಿದ್ದೀರಂತೆ. ಇಲ್ಲಿ ಅದು ನಡೆಯುವುದಿಲ್ಲ. ಇಪ್ಪತ್ತು ಪುಟ ಮುಂದಿಟ್ಟು, 'ಇದರಿಂದ ನಿಮಗೆ ಲಾಭ ಆಗದೇ ಇರಬಹುದು' ಅಂತ ಮುಖಕ್ಕೇ ಹೇಳಿ ಸಹಿ ಹಾಕಿಸುತ್ತಾರೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಹೋದ ತಿಂಗಳು ದನ ಸಾಕುವ ಒಬ್ಬ ಅಜ್ಜ ಎಲ್ಲ ಕೇಳಿಸಿಕೊಂಡು, ಟೋಪಿ ತೆಗೆದು ಸಹಿ ಹಾಕಿದರು. ಆಮೇಲೆ ನನಗೇ ಒಂದು ಚೀಲ ಪೀಕಾನ್ ಬೀಜ ಕೊಟ್ಟರು. ನಮ್ಮ ಗೋಡಂಬಿಗಿಂತ ರುಚಿ ಕಮ್ಮಿಯೇ, ಬಿಡು. ಮಾವನಿಗೂ ತಮ್ಮ ಮೈಯ ವಿಷಯ ಗೊತ್ತಿರಲಿ ಅಲ್ವಾ? ಅತ್ತೆ ಅಳುತ್ತಾರೆ, ನೀನೇ ಹೇಳು.

ನೀನು ಗಾಬರಿಯಾಗಬೇಡ. ನಾನು ಊಟ ಮಾಡುತ್ತೇನೆ, ನಿದ್ದೆ ಮಾಡುತ್ತೇನೆ, ತೂಕವೂ ಜಾಸ್ತಿಯಾಗಿದೆ, ನಿಜವಾಗಲೂ ಏನೂ ಇಲ್ಲ. ಮದುವೆ ಮಾತು ಈಗ ಬೇಡ.

ಒಬ್ಬರಿಗೆ ಮಾತ್ರೆ ಕೊಟ್ಟು ಎರಡು ಗಂಟೆಯಾಯಿತು, ರಕ್ತ ತೆಗೆಯಬೇಕು, ಐದು ನಿಮಿಷ ತಡವಾದರೂ ಬರೆದಿಡಬೇಕು. ಬ್ಲಾಕ್ ಸಿಕ್ಕ ಕೂಡಲೇ ಫೋನ್ ಮಾಡಿಸು.

ನಿನ್ನ
ಸುಧಾ