ಹಳೆಯ ಪಿಕಪ್‌ನ ಕ್ಲಚ್ ಬದಲಾವಣೆಗೆ ನಿಯಮ ಸ್ಪಷ್ಟವಾಗಲಿ

ಮಾನ್ಯ ಸಂಪಾದಕರೇ,

ನಾನು ಟೊಮೆಟೊ ಬೆಳೆಗಾರ. ನನ್ನ ಮಾಲನ್ನು 12 ವರ್ಷ ಹಳೆಯ ಡೀಸೆಲ್ ಪಿಕಪ್‌ನಲ್ಲಿ ನಾನೇ ಕೋಲಾರದ ಎಪಿಎಂಸಿಗೆ ಒಯ್ಯುತ್ತೇನೆ. ಸುಗ್ಗಿಯಲ್ಲಿ ಬೆಳಗಿನ ಜಾವ ಗೇಟಿನ ಮುಂದೆ ಗಾಡಿಗಳು ಸಾಲುಗಟ್ಟಿದಾಗ, ಒಂದೊಂದು ಮಾರು ಮುಂದೆ ಸರಿಯಲೂ ಕ್ಲಚ್ ಒತ್ತಲೇಬೇಕು. ಎಡ ಮೊಣಕಾಲಿನ ಶಸ್ತ್ರಚಿಕಿತ್ಸೆಯ ನಂತರ ಅದು ನನ್ನಿಂದಾಗಲಿಲ್ಲ. ಹೊಸ ಗಾಡಿ ಕೊಳ್ಳುವ ಶಕ್ತಿಯಿಲ್ಲದೆ, ಗುಜರಿಗೆ ಬಂದಿದ್ದ ಪೆಟ್ರೋಲ್ ಎಸ್‌ಯುವಿಯೊಂದರ ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನು ಗ್ಯಾರೇಜೊಂದರಲ್ಲಿ ಹಾಕಿಸಿದೆ.

ಈ ಕೆಲಸ ಒಂದು ಗೇರ್‌ಬಾಕ್ಸ್ ಇಳಿಸಿ ಇನ್ನೊಂದನ್ನು ಕೂರಿಸಿದಲ್ಲಿಗೆ ಮುಗಿಯುವುದಿಲ್ಲ. ಫ್ಲೈವೀಲ್, ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್‌ಗಳ ಜಾಗಕ್ಕೆ ಫ್ಲೆಕ್ಸ್‌ಪ್ಲೇಟ್ ಎಂಬ ತೆಳು ತಟ್ಟೆ ಮತ್ತು ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಬರಬೇಕು. ಗೇರ್‌ಬಾಕ್ಸಿನ ಉದ್ದ ಬೇರೆಯಾಗುವುದರಿಂದ ಹಿಂದಿನ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಅಳತೆಗೆ ತಂದು ಬ್ಯಾಲೆನ್ಸ್ ಮಾಡಿಸಬೇಕು. ಗೇರ್‌ಬಾಕ್ಸಿನ ಆಯಿಲ್ ತಣಿಸಲು ಪ್ರತ್ಯೇಕ ಕೂಲರ್ ಬೇಕು. ಅದೆಲ್ಲ ಆದರೂ, ಪೆಟ್ರೋಲ್ ಎಂಜಿನ್ನಿನ ಓಟಕ್ಕೆ ಹೊಂದಿಸಿದ ಗೇರ್‌ಬಾಕ್ಸ್ ನಿಧಾನವಾಗಿ ತಿರುಗುವ ಡೀಸೆಲ್ ಎಂಜಿನ್ನಿಗೆ ಸಕಾಲದಲ್ಲಿ ಗೇರ್ ಬದಲಿಸುವುದಿಲ್ಲ. ನನ್ನ ಗಾಡಿಗೆ ಕೂಲರನ್ನೇ ಹಾಕಿರಲಿಲ್ಲ. ಕ್ರೇಟುಗಳನ್ನು ಹೇರಿಕೊಂಡು ಏರು ಹತ್ತುವಾಗ ಸುಟ್ಟ ವಾಸನೆ ಬಂತು. ಡಿಪ್‌ಸ್ಟಿಕ್ ಎಳೆದು ನೋಡಿದರೆ ಕೆಂಪಗಿರಬೇಕಾದ ಆಯಿಲ್ ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗಿತ್ತು.

8 ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿ ವರ್ಷ ಎಫ್‌ಸಿ (ಓಡಿಸಲು ಯೋಗ್ಯವೆಂಬ ಪ್ರಮಾಣಪತ್ರ) ಆಗಬೇಕು. ತಪಾಸಣೆಯಲ್ಲಿ ನನ್ನ ಗಾಡಿಯನ್ನು ತಿರಸ್ಕರಿಸಿದರು, ಆ ತೀರ್ಮಾನ ಸರಿಯಾಗಿಯೇ ಇತ್ತು. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಪ್ಪುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಆದರೆ ಅದೇ ವರ್ಷದ ತಿದ್ದುಪಡಿಯು, ಅಂಗವೈಕಲ್ಯವುಳ್ಳವರ ಬಳಕೆಗಾಗಿ ವಾಹನವನ್ನು ಮಾರ್ಪಡಿಸಿ ನೋಂದಣಿ ಪ್ರಾಧಿಕಾರದ ಅನುಮೋದನೆ ಪಡೆಯಲು ಅದೇ ಸೆಕ್ಷನ್‌ನಲ್ಲಿ ಅವಕಾಶ ಕೊಟ್ಟಿದೆ.

ನಿಜಕ್ಕೂ ನನ್ನಂಥವರಿಗೆ ಬೇಕಿರುವುದು ಬೇರೆ ಗೇರ್‌ಬಾಕ್ಸ್ ಅಲ್ಲ. ಗೇರ್ ಲಿವರ್ ಮೇಲಿನ ಗುಂಡಿ ಒತ್ತಿದರೆ ಮೋಟರೊಂದು ಕ್ಲಚ್ ಎಳೆಯುವ ಸಾಧನವನ್ನು ಕಾರುಗಳಿಗೆ ಅಳವಡಿಸುತ್ತಿದ್ದಾರೆ; ಅದರಿಂದ ಮೂಲ ಗೇರ್‌ಬಾಕ್ಸ್ ಹಾಗೇ ಉಳಿಯುತ್ತದೆ. ತೊಡಕಿರುವುದು ಕಾಯ್ದೆಯ ವ್ಯಾಖ್ಯೆಯಲ್ಲಿ. ಹೀಗೆ ಮಾರ್ಪಡಿಸಿದ ವಾಹನವು ಅಂಗವೈಕಲ್ಯವುಳ್ಳ ಆ ವ್ಯಕ್ತಿಯಿಂದ ಅಥವಾ ಆ ವ್ಯಕ್ತಿಗಾಗಿ ಮಾತ್ರವೇ ಬಳಕೆಯಾಗಬೇಕು ಎಂದು ಅದು ಹೇಳುತ್ತದೆ. ಹಾಗಿದ್ದರೆ ಸರಕು ಸಾಗಿಸುವ ಪಿಕಪ್ ಇದರಡಿ ಬರುತ್ತದೆಯೇ? ನಾನು ಹುಷಾರಿಲ್ಲದೆ ಮಲಗಿದ ದಿನ ನನ್ನ ಮಗ ಅದನ್ನು ಮಾರುಕಟ್ಟೆಗೆ ಓಡಿಸಬಹುದೇ? ಆರ್‌ಟಿಒ ಕೌಂಟರಿನಲ್ಲಿ ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟರು. ಯಾವ ವೈದ್ಯಕೀಯ ಪ್ರಮಾಣಪತ್ರ ಬೇಕು, ಅಳವಡಿಕೆಯನ್ನು ಯಾರು ಪರಿಶೀಲಿಸುತ್ತಾರೆ, ಆರ್‌ಸಿಯಲ್ಲಿ ಏನೆಂದು ನಮೂದಾಗಬೇಕು ಎಂಬುದನ್ನು ಸಾರಿಗೆ ಇಲಾಖೆ ಕನ್ನಡದಲ್ಲಿ ಸುತ್ತೋಲೆಯಾಗಿ ಹೊರಡಿಸಿ, ಪ್ರತಿ ಆರ್‌ಟಿಒ ಕಚೇರಿಯಲ್ಲೂ ತೂಗುಹಾಕಬೇಕೆಂದು ಕೋರುತ್ತೇನೆ. ಗಾಡಿಯ ಮೂಲ ಗೇರ್‌ಬಾಕ್ಸ್ ನನ್ನ ಕೊಟ್ಟಿಗೆಯಲ್ಲಿದೆ. ಸುತ್ತೋಲೆ ಬಂದ ದಿನವೇ ಅದನ್ನು ಮತ್ತೆ ಕೂರಿಸಲು ಸಿದ್ಧನಿದ್ದೇನೆ.

– ಒಬ್ಬ ಟೊಮೆಟೊ ಬೆಳೆಗಾರ, ಕೋಲಾರ ಜಿಲ್ಲೆ