ಸ್ಕಾಟ್ಲೆಂಡಿನ ಡಂಡಿಯಲ್ಲಿ ಓದುತ್ತಿರುವ ಮೇಘನಾಗೆ

ತುಮಕೂರು

ಚಿರಂಜೀವಿ ಮೇಘನಾಗೆ ನಿನ್ನ ಮಾವನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನಿನ್ನ ಸಮಾಚಾರ ಅಮ್ಮ ಹೇಳಿದಳು. ನೀವು ನಾಲ್ಕು ಜನ ಸೇರಿ ಮೂರು ತಿಂಗಳು ಕಟ್ಟಿದ ಕಂಪ್ಯೂಟರ್ ಆಟ ಯಾರಿಗೂ ಹಿಡಿಸಲಿಲ್ಲವಂತೆ. ಆಡಿದವರೆಲ್ಲ ದಾರಿಗೆ ಅಡ್ಡ ಬರುವ ಮೇಕೆಯನ್ನು ಅಟ್ಟಿಸಿಕೊಂಡು ಹೋದರಂತೆ. ಎಲ್ಲ ನೀರಲ್ಲಿ ಹೋಮ ಆಯ್ತು, ಆ ಮೇಕೆಯನ್ನೇ ತೆಗೆದುಹಾಕುತ್ತೇನೆ ಅಂತ ಅಳುತ್ತಿದ್ದೆಯಂತೆ. ಸ್ವಲ್ಪ ತಡಿ ಮಗಳೇ. ನೀನಿರುವ ಊರಿನದೇ ಒಂದು ಕಥೆ ಇದೆ, ಕೇಳು.

ನಾನು ಗಡಿಯಾರದ ಕಾರ್ಖಾನೆಯಲ್ಲಿ ಕೆಲಸ ಮಾಡಿದವನು, ನಿನಗೆ ಗೊತ್ತಲ್ಲ. ಕೂದಲಿಗಿಂತ ತೆಳು ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಕೂರಿಸಬೇಕಿತ್ತು. ಹಾಗಾಗಿ ಡಂಡಿಯಲ್ಲಿ ಟೈಮೆಕ್ಸ್ ಗಡಿಯಾರದ ಕಾರ್ಖಾನೆ ಇತ್ತು ಅಂತ ಓದಿದಾಗ ನನಗೆ ನಮ್ಮವರ ಊರೇ ಸಿಕ್ಕ ಹಾಗಾಯಿತು. ಗಡಿಯಾರದ ಕೆಲಸ ಕಡಿಮೆಯಾದಾಗ ಅಲ್ಲಿ ಸಿಂಕ್ಲೇರ್ ಕಂಪನಿಯ ಝೆಡ್‌ಎಕ್ಸ್ ಸ್ಪೆಕ್ಟ್ರಮ್ ಕಂಪ್ಯೂಟರುಗಳನ್ನು ಜೋಡಿಸಿದರು. ಕೊನೆಗೆ ದೊಡ್ಡ ಮುಷ್ಕರವಾಗಿ 1993ರಲ್ಲಿ ಬಾಗಿಲು ಹಾಕಿತು. ನಮ್ಮ ಕಾರ್ಖಾನೆಯೂ ಮುಚ್ಚಿತು. ಆ ಗೇಟಿನ ಮುಂದೆ ನಿಂತವರ ಸಂಕಟ ನನಗೆ ಅರ್ಥವಾಗುತ್ತದೆ.

ಅದಕ್ಕೂ ಎಷ್ಟೋ ಮೊದಲೇ ಆ ಕಾರ್ಖಾನೆಯಿಂದ ಹೊರಬಿದ್ದ ಹುಡುಗ ಡೇವಿಡ್ ಜೋನ್ಸ್. ಕೆಲಸ ಬಿಡಿಸಿದಾಗ ಕೊಟ್ಟ ದುಡ್ಡಿನಲ್ಲಿ ಒಂದು ಅಮೀಗಾ ಕಂಪ್ಯೂಟರ್ ಕೊಂಡ. ಈಗ ಅಬರ್ಟೇ ಆಗಿರುವ ನಿನ್ನ ವಿಶ್ವವಿದ್ಯಾಲಯವೇ ಇದೆಯಲ್ಲ, ಅದರ ಹಳೆಯ ರೂಪದಲ್ಲೇ ಓದುತ್ತಾ ಆಟ ಬರೆಯಲು ಕೂತ. ಊರಿನ ಕಂಪ್ಯೂಟರ್ ಕ್ಲಬ್ಬಿನ ಗೆಳೆಯರು ಮೈಕ್ ಡೈಲಿ, ರಸೆಲ್ ಕೇ, ಸ್ಟೀವ್ ಹ್ಯಾಮಂಡ್ ಜೊತೆಯಾದರು. 1987ರಲ್ಲಿ ಶುರುವಾದ ಆ ಕಂಪನಿಯ ಹೆಸರು ಡಿಎಂಎ ಡಿಸೈನ್.

1989ರಲ್ಲಿ ಅವರ ಆಫೀಸಿನಲ್ಲಿ ಒಂದು ಚರ್ಚೆ ಎದ್ದಿತು. ಬೇರೊಂದು ಆಟಕ್ಕೆ ಪುಟ್ಟ ಸೈನಿಕ ಬೇಕಿತ್ತು. ಎಷ್ಟು ಚಿಕ್ಕದಾಗಿ ಬರೆದರೆ ಮನುಷ್ಯ ಅಂತ ಗೊತ್ತಾಗುತ್ತದೆ? ಪರದೆಯ ಮೇಲೆ ಎಂಟಕ್ಕೆ ಎಂಟು ಚುಕ್ಕಿ ಸಾಕು ಅಂತ ಡೈಲಿ ಊಟದ ಬಿಡುವಿನಲ್ಲಿ ಮಾಡಿ ತೋರಿಸಿದ. ಸಾಲಾಗಿ ನಡೆದು ಬರುವ ಪುಟಾಣಿಗಳು, ಅವರ ಮೇಲೆ ಬೀಳುವ ದೊಡ್ಡ ತೂಕ. ಅಷ್ಟೇ. ನಾನೂ ನಿನ್ನ ಹಳೇ ಲೆಕ್ಕದ ಪುಸ್ತಕದ ಚೌಕಗಳಲ್ಲಿ ಬರೆದು ನೋಡಿದೆ. 64 ಮನೆ. ತಲೆಗೆ ನಾಲ್ಕೈದು ಸಾಲು ಹೋದರೆ ಕೈಗೆ, ಕಾಲಿಗೆ ಏನೂ ಉಳಿಯಲ್ಲ. ಒಂದು ಮನೆ ಆಚೀಚೆ ಆದರೆ ಮನುಷ್ಯ ಹೋಗಿ ಗೊಂಬೆ ಆಗುತ್ತಾನೆ. ಚಿಮಟ ಹಿಡಿದವರ ಕೆಲಸ ಅದು.

ಎಲ್ಲರೂ ನಕ್ಕರು. ಆದರೆ ಇದರಲ್ಲೇ ಒಂದು ಆಟ ಇದೆಯಲ್ಲ ಅಂದವನು ರಸೆಲ್ ಕೇ. ಆ ಒಂದು ಮಾತು ಬರದಿದ್ದರೆ ಅದು ಊಟದ ಹೊತ್ತಿನ ತಮಾಷೆಯಾಗಿಯೇ ಉಳಿಯುತ್ತಿತ್ತು. 1991ರ ಫೆಬ್ರವರಿ 14ರಂದು 'ಲೆಮಿಂಗ್ಸ್' ಹೊರಬಂತು. ಅಮೀಗಾ ಒಂದರಲ್ಲೇ ಮೊದಲ ದಿನ ಸುಮಾರು 55,000 ಪ್ರತಿ ಮಾರಾಟವಾಯಿತು. ಹಸಿರು ಕೂದಲು, ನೀಲಿ ಅಂಗಿಯ ಆ ಪುಟಾಣಿಗಳನ್ನು ನಿನ್ನ ಭಾವ ಚಿಕ್ಕವನಿದ್ದಾಗ ಆಡುತ್ತಿದ್ದ. ಒಬ್ಬನನ್ನು ಅಡ್ಡ ನಿಲ್ಲಿಸಿ ಉಳಿದವರನ್ನು ಕಾಪಾಡಬೇಕು. ನಿಂತವನು ಅಲ್ಲೇ ಉಳಿದರೆ ನನಗೆ ಬೇಜಾರಾಗುತ್ತಿತ್ತು.

ಇನ್ನೊಂದು ನಿನಗೆ ನೇರವಾಗಿ ತಟ್ಟುವ ಮಾತು. 1995ರಲ್ಲಿ ಅವರು 'ರೇಸ್ ಆ್ಯಂಡ್ ಚೇಸ್' ಅಂತ ಒಂದು ಆಟದ ಯೋಜನೆ ಬರೆದರು. ಪೊಲೀಸ್ ಆಗಿಯೂ ಆಡಬಹುದು, ಕಳ್ಳನಾಗಿಯೂ ಆಡಬಹುದು. ಮಾಡುತ್ತಾ ಹೋದ ಹಾಗೆ ಸಪ್ಪೆ ಅನ್ನಿಸಿತು. ಒಂದು ದಿನ ಪೊಲೀಸ್ ಕಾರುಗಳನ್ನು ಓಡಿಸುವ ಪ್ರೋಗ್ರಾಮಿನ ಲೆಕ್ಕ ಎಲ್ಲೋ ತಪ್ಪಿತು. ತಡೆದು ನಿಲ್ಲಿಸುವ ಬದಲು ಆಟಗಾರನ ಕಾರನ್ನೇ ತೂರಿಕೊಂಡು ಹೋಗಲು ನೋಡಿದವು. ಹುಚ್ಚು ಹಿಡಿದ ಹಾಗೆ ಬಂದು ಗುದ್ದತೊಡಗಿದವು. ಆಡುವವರು ಎದ್ದು ಕೂತರು. ಆ ತಪ್ಪನ್ನು ಒರೆಸಿಹಾಕದೆ ಅದರ ಸುತ್ತಲೇ ಆಟ ಕಟ್ಟಿದರು. 1997ರಲ್ಲಿ ಬಂದ 'ಗ್ರ್ಯಾಂಡ್ ಥೆಫ್ಟ್ ಆಟೊ' ಅದೇ. ಅದರ ಹೊಡೆದಾಟ ನನಗೆ ಸೇರುವುದಿಲ್ಲ, ಅದು ಬೇರೆ ವಿಷಯ. ಆದರೆ ಆಡುವವರ ಕೈಯಲ್ಲಿ ಜೀವ ಬಂದದ್ದು ಯಾವುದು ಅಂತ ನೋಡಿದರಲ್ಲ, ಅದು ದೊಡ್ಡದು.

ಆಮೇಲೆ ಕಂಪನಿ ಕೈಯಿಂದ ಕೈಗೆ ಹೋಯಿತು. 1999ರಲ್ಲಿ ಅಮೆರಿಕದ ಟೇಕ್-ಟೂ ಕಂಪನಿಯ ಪಾಲಾಗಿ, ಎಡಿನ್‌ಬರೋಗೆ ಹೋಗಿ, 2002ರಲ್ಲಿ ರಾಕ್‌ಸ್ಟಾರ್ ನಾರ್ತ್ ಆಯಿತು. ಜೋನ್ಸ್ ಡಂಡಿಯಲ್ಲೇ ಹೊಸ ಕಂಪನಿ ಕಟ್ಟಿದರು. ಅಲ್ಲಿ ವರ್ಷಗಟ್ಟಲೆ ಮಾಡಿದ 'ಎಪಿಬಿ' ಅನ್ನೋ ಆಟ 2010ರಲ್ಲಿ ಬಂತು. ಎರಡು ತಿಂಗಳಾಗುವ ಮೊದಲೇ ಆ ಹೊಸ ಕಂಪನಿ ಮುಳುಗಿತು. ಅಷ್ಟು ಕಂಡವರಿಗೂ ಹೀಗಾಗುತ್ತದೆ. ನಿನ್ನ ಮೂರು ತಿಂಗಳಿಗೆ ನೀನು ಇಷ್ಟು ಕುಗ್ಗಬೇಡ.

ಮೇಕೆಯನ್ನು ಈಗಲೇ ತೆಗೆಯಬೇಡ. ಇನ್ನೂ ನಾಲ್ಕು ಜನರ ಕೈಗೆ ಆಟ ಕೊಡು. ಅವರ ಹಿಂದೆ ಸುಮ್ನೆ ನಿಂತು ನೋಡು, ಏನೂ ಹೇಳಿಕೊಡಬೇಡ. ಎಲ್ಲಿ ನಗುತ್ತಾರೆ, ಎಲ್ಲಿ ಫೋನ್ ತೆಗೆಯುತ್ತಾರೆ ಅಂತ ಬರೆದಿಟ್ಟುಕೋ. ಆಮೇಲೆ ನಿನ್ನ ಮೂರು ಜನ ಗೆಳೆಯರ ಜೊತೆ ಕೂತು ಮಾತಾಡು. ಒಬ್ಬಳೇ ರೂಮಿನಲ್ಲಿ ಕೂತು ತೀರ್ಮಾನ ಮಾಡಬೇಡ.

ಭಾನುವಾರ ಪರ್ತ್ ರಸ್ತೆ ಕಡೆ ಹೋಗಿ ಬಾ. ಸೀಬ್ರೇಸ್ ಪಾರ್ಕಿನ ಹತ್ತಿರ ಕಂಬ ಹತ್ತುತ್ತಿರುವ ಲೆಮಿಂಗ್ಸ್ ಪ್ರತಿಮೆಗಳಿವೆಯಂತೆ. ಒಂದು ಫೋಟೊ ಕಳಿಸು. ಅತ್ತೆ ಹುಳಿಪುಡಿ ಕಟ್ಟಿಟ್ಟಿದ್ದಾಳೆ, ಯಾರಾದರೂ ಬರುವವರಿದ್ದರೆ ತಿಳಿಸು. ಮತ್ತೆ, ಆ ಮೇಕೆಯ ಚಿತ್ರವನ್ನೂ ಕಳಿಸು. ಕರಿಯದೋ, ಕಂದೋ?

ಇಂತಿ,
ನಿನ್ನ ಮಾವ